ಹೋಯ್ತಾ ನೋಡಿ, ಅಳಿಯಂದ್ರೇ

ಆ ಶಬ್ದ ನಮ್ಮ ಮನೆ ಸೇರಿದ್ದು ದಸರಾ ರಜೆಯಲ್ಲಿ. ಹಬ್ಬಕ್ಕೆ ಬಂದ ನೆಂಟರೆಲ್ಲ ಅವರವರ ಊರಿಗೆ ಹೊರಟರು, ಅದೊಂದು ಮಾತ್ರ ಉಳಿದುಕೊಂಡಿತು. ಹಾಡು ಹಾಕಿದರೆ ಹಾಡಿನ ಕೆಳಗೆ ಗುಂಯ್, ನಿಲ್ಲಿಸಿದರೆ ಬರೀ ಗುಂಯ್. ಮೆಲ್ಲಗಿನ ಶಬ್ದವೇ, ಇಲ್ಲವೆನ್ನುವುದಿಲ್ಲ. ಪಕ್ಕದ ಮನೆಯ ಮಹಾಲಕ್ಷ್ಮಮ್ಮ ಒಂದು ಗಂಟೆ ಕೂತು ಮಾತಾಡಿ ಹೋದರೂ ಅವರಿಗೆ ಗೊತ್ತಾಗಲಿಲ್ಲ. ಆದರೆ ಒಂದು ಸಲ ಕಿವಿಗೆ ಬಿದ್ದ ಮೇಲೆ ಅದನ್ನು ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಅನ್ನದಲ್ಲಿ ಕಲ್ಲು ಸಿಕ್ಕಿದವನಿಗೆ ಆಮೇಲೆ ಇಡೀ ಊಟ ಕಲ್ಲಿನದೇ ಯೋಚನೆ, ಹಾಗೆ.

ನಾನು ಸಿಡುಕ ಎಂದು ನನ್ನ ಹೆಂಡತಿ ದೀಪಿಕಾ ಹೇಳುತ್ತಾಳೆ. ನಾನು ಸಿಡುಕನಲ್ಲ, ಕುಣಿಗಲ್ ತಾಲ್ಲೂಕಿನ ಅಮೃತೂರಿನಲ್ಲಿ ಹೈಸ್ಕೂಲಿಗೆ ಗಣಿತ ಹೇಳಿಕೊಡುವವನು. ಮನೆ ಮಾತ್ರ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ, ಯಾಕೆಂದರೆ ದೀಪಿಕಾ ಕೆಲಸ ಮಾಡುವ ಬ್ಯಾಂಕು ಇಲ್ಲಿದೆ. ಬೆಳಿಗ್ಗೆ ಆರೂವರೆಗೆ ಕುಣಿಗಲ್ ಬಸ್ಸು, ಅಲ್ಲಿಂದ ಅಮೃತೂರಿಗೆ ಪ್ರೈವೇಟ್ ಬಸ್ಸು. ಆ ಬಸ್ಸಿನಲ್ಲಿ ನಾನು ಯಾವ ಸೀಟಿನಲ್ಲಿ ಕೂತರೂ ತಲೆಯ ಮೇಲೊಂದು ಸ್ಪೀಕರ್ ಇದ್ದೇ ಇರುತ್ತದೆ. ಶಾಲೆಯಲ್ಲಿ ಒಂದೊಂದು ಕೋಣೆಗೆ ಅರವತ್ತು ಬಾಯಿ. ಸಂಜೆ ಮತ್ತೆ ಅದೇ ಎರಡು ಬಸ್ಸು, ಅದೇ ಹಾಡು. ಆರು ದಿನ ಬೇರೆಯವರ ಗದ್ದಲದಲ್ಲಿ ಬದುಕುವವನು ಭಾನುವಾರ ಬೆಳಿಗ್ಗೆ ಒಂದು ಗಂಟೆ ಕೊಳಲು ಕೇಳಬೇಕು ಎಂದರೆ ಅದಕ್ಕೆ ಸಿಡುಕು ಎನ್ನುತ್ತಾರೆಯೇ? ಕೊಳಲು ನುಡಿಸುವವನು ಉಸಿರು ತೆಗೆದುಕೊಳ್ಳಲು ಅರೆಕ್ಷಣ ನಿಲ್ಲಿಸುತ್ತಾನೆ. ನನಗೆ ಬೇಕಾದದ್ದೇ ಆ ಅರೆಕ್ಷಣದ ನಿಶ್ಶಬ್ದ. ಈ ಗುಂಯ್ ಬಂದು ಕೂತದ್ದೂ ಸರಿಯಾಗಿ ಅಲ್ಲೇ.

ಹಾಡಿಗೆ ಜೋರು ಕೊಡುವ ನಮ್ಮ ಮನೆಯ ಆಂಪ್ಲಿಫೈಯರು, ಆಂಪ್ಲಿ ಎನ್ನಿ, ಅಂಗಡಿಯಿಂದ ತಂದದ್ದಲ್ಲ. ನನ್ನ ಮಾವ ಪರಮಶಿವಯ್ಯನವರು ಗುಬ್ಬಿಯಲ್ಲಿ ನಲವತ್ತು ವರ್ಷದಿಂದ ಮೈಕ್‌ಸೆಟ್ ಅಂಗಡಿ ಇಟ್ಟವರು. ಹನ್ನೆರಡು ವರ್ಷದ ಹಿಂದೆ ನಮ್ಮ ಮದುವೆಗೆ ತಮ್ಮ ಕೈಯಾರೆ ಕಟ್ಟಿಕೊಟ್ಟ ಆಂಪ್ಲಿ ಅದು. ತೇಗದ ಪೆಟ್ಟಿಗೆ, ಮುಂದೆ ಎರಡು ದಪ್ಪ ತಿರುಗಣೆ, ಹಿಂದೆ ವೈರು ಸಿಕ್ಕಿಸಲು ಎರಡು ಜಾಗ. ಸಭೆಯಲ್ಲಿ ಎರಡು ಮೈಕು ಒಟ್ಟಿಗೆ ಕೆಲಸ ಮಾಡುವ ಹಾಗೆ ಎರಡು ಜಾಗವೂ ಯಾವಾಗಲೂ ಜೀವಂತ.

ಗುಬ್ಬಿಯಲ್ಲಿ ಅವರನ್ನು ಕರೆಯುವುದೇ ಕಿವಿ ಪರಮಣ್ಣ ಎಂದು. ಯಾವುದೋ ಮದುವೆಯಲ್ಲಿ ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದವರು ಕೈ ನಿಲ್ಲಿಸಿ, "ತೆಂಗಿನ ಮರದ್ ಮೇಲೆ ಕಟ್ಟಿರೋ ಮೂರ್ನೇ ಹಾರನ್ ಒಳಗೆ ಸೀಳಿದೆ, ಇಳಿಸ್ರಪ್ಪ" ಎಂದರಂತೆ. ಇಳಿಸಿ ಬಿಚ್ಚಿದರೆ ಒಳಗಿನ ತಗಡು ಕೂದಲೆಳೆಯಷ್ಟು ಸೀಳಿತ್ತಂತೆ. ಅಂಥ ಕಿವಿಯ ಮನುಷ್ಯ ಕಟ್ಟಿಕೊಟ್ಟ ಪೆಟ್ಟಿಗೆ ನನ್ನ ಮನೆಯಲ್ಲಿ ಕೂತು ಗುಂಯ್ ಎನ್ನುತ್ತಿತ್ತು.

ಮೊದಲು ನಾನೇ ನೋಡಿದೆ. ಸ್ವಿಚ್ ಆಫ್ ಮಾಡಿ ಪಿನ್ನುಗಳನ್ನೆಲ್ಲ ತೆಗೆದು ಒರೆಸಿ ಹಾಕಿದೆ. ಪ್ಲಗ್ಗನ್ನು ಬೇರೆ ಬೋರ್ಡಿಗೆ ಹಾಕಿದೆ. ಫ್ರಿಜ್ ನಿಲ್ಲಿಸಿದೆ, ಫ್ಯಾನ್ ನಿಲ್ಲಿಸಿದೆ, ಟಿ.ವಿ. ಆಫ್ ಮಾಡಿದೆ. ಮನೆಯಲ್ಲಿ ಎಲ್ಲವೂ ನಿಂತಾಗ ಅದು ಇನ್ನೂ ಚೆನ್ನಾಗಿ ಕೇಳಿಸಿತು. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ವೆಂಕಟರಂಗಯ್ಯನವರನ್ನು ಕೇಳಿದೆ. "ಪ್ಲಗ್ ತಿರುಗ್ಸಿ ಹಾಕಿ ಸಾರ್, ಹೋಗ್ಬಿಡುತ್ತೆ" ಎಂದರು. ಮೂರು ಪಿನ್ನಿನ ಪ್ಲಗ್ಗನ್ನು ಹೇಗೆ ತಿರುಗಿಸುವುದು ಎಂದೆ. ಅದನ್ನು ಪ್ರಯೋಗ ಮಾಡಿಯೇ ನೋಡಬೇಕು ಎಂದರು. ತುಮಕೂರಿನ ಎಂ.ಜಿ. ರಸ್ತೆಯ ಅಂಗಡಿಯವನಂತೂ ಫೋಟೋ ನೋಡಿದವನೇ, "ಇದನ್ನ ಮ್ಯೂಸಿಯಮ್ಮಿಗೆ ಕೊಡಿ ಸಾರ್" ಎಂದು ನಕ್ಕ.

ಕೊನೆಗೆ ದೀಪಾವಳಿಯ ದಿನ ಗುಬ್ಬಿಗೆ ಫೋನ್ ಮಾಡಿದೆ. ಮಾವನಿಗೆ ಮಾಡಿದರೂ ಫೋನ್ ಎತ್ತುವವರು ಅತ್ತೆ ಗಂಗಾಂಬಿಕೆಯವರೇ. ಮಾವ ಫೋನಿನಲ್ಲಿ ಮಾತಾಡುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ದೊಡ್ಡ ಮನುಷ್ಯರ ಗತ್ತು ಎಂದುಕೊಂಡಿದ್ದೆ. ಎದುರಿಗೆ ಕೂತಾಗಲೂ ಅಷ್ಟೇ, ಪ್ರಶ್ನೆಯನ್ನೂ ಅವರೇ ಕೇಳಿ ಉತ್ತರವನ್ನೂ ಅವರೇ ಹೇಳಿ ಮುಗಿಸುವರು. ಅತ್ತೆ ನನ್ನ ದೂರನ್ನು ಕೇಳಿಕೊಂಡು, "ಭಾನ್ವಾರ ಕಳಿಸ್ತೀನಿ ಕಣಪ್ಪ, ನಿಮ್ ಮಾವುಂಗೆ ಅದೆಷ್ಟೊತ್ತಿನ್ ಕೆಲಸ" ಎಂದರು.

ಭಾನುವಾರ ಎಂಟೂವರೆಗೆ ಮಾವ ಚರ್ಮದ ಚೀಲ ಹಿಡಿದು ಬಂದರು. ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಬಿಳಿ ಅಂಗಿ. ಚಾಪೆ ಹಾಕಿಸಿಕೊಂಡು ಕೂತರು. ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಬೆಸುಗೆಯ ಕಡ್ಡಿ ಕಾಯಿಸಿ ಹಳೆಯ ಕಂಡೆನ್ಸರ್ ಎರಡನ್ನು ಕಿತ್ತು ಹೊಸತು ಕೂರಿಸಿದರು. ಎರಡು ಗಂಟೆಯ ಕೆಲಸ. ಆಮೇಲೆ ಸ್ವಿಚ್ ಹಾಕಿ ಒಂದು ಅಂಗೈಯನ್ನು ಸ್ಪೀಕರಿನ ಬಟ್ಟೆಯ ಮೇಲೆ ಒತ್ತಿಟ್ಟು ನನ್ನ ಮುಖ ನೋಡಿದರು.

"ಹೋಯ್ತಾ ನೋಡಿ, ಅಳಿಯಂದ್ರೇ."

ಹೋಗಿರಲಿಲ್ಲ. ಒಂದು ಕೂದಲಷ್ಟೂ ಹೋಗಿರಲಿಲ್ಲ.

ಇಲ್ಲಿ ನನ್ನ ಅಪ್ಪನ ಮಾತು ಹೇಳಬೇಕು. ನನ್ನ ಮದುವೆಯ ದಿನ ಕುಣಿಗಲ್ಲಿನ ಛತ್ರದಲ್ಲಿ ನನ್ನನ್ನು ಪಕ್ಕಕ್ಕೆ ಕರೆದು, "ಮಾವನ ಮನೆಯ ಸಾರಿಗೆ ಉಪ್ಪಿಲ್ಲದಿದ್ರೂ ಚೆನ್ನಾಗಿದೆ ಅನ್ಬೇಕು ಕಣೋ, ಹೆಣ್ಣು ಕೊಟ್ಟೋರು" ಎಂದಿದ್ದರು. ಹನ್ನೆರಡು ವರ್ಷ ಅದನ್ನು ಪಾಲಿಸಿದ್ದೇನೆ. ಮಾವ ಆರಿಸಿದ ಸೈಟು ಚೆನ್ನಾಗಿದೆ, ಹೊಲಿಸಿದ ಅಂಗಿ ಚೆನ್ನಾಗಿದೆ, ತೋಳು ಮೊಣಕೈಗೇ ನಿಂತರೂ ಚೆನ್ನಾಗಿದೆ. ಈಗ ಬೆವರು ಸುರಿಸಿ ಕೂತ ಮುದುಕರ ಮುಂದೆ ಹೋಗಿಲ್ಲ ಎಂದು ಹೇಗೆ ಹೇಳುವುದು? ಒಬ್ಬಟ್ಟು ಬಡಿಸಿಕೊಂಡವನ ಮುಖ ಮಾಡಿಕೊಂಡು, "ಈಗ ವಾಸಿ ಮಾವ" ಎಂದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದೀಪಿಕಾ ಬಾಯಿ ತೆರೆದಳು. ನಾನು ಕಣ್ಣು ಬಿಟ್ಟೆ. ಅವಳು ಬಾಯಿ ಮುಚ್ಚಿದಳು. ಮಾವ ಊಟ ಮಾಡಿ ಬಸ್ಸು ಹತ್ತಿದ ಮೇಲೆ ಶುರುವಾಯಿತು.

"ಇನ್ನೂ ಹಂಗೇ ಇದೆಯಲ್ರೀ. ಅಪ್ಪಂಗೆ ಹೇಳಕ್ಕೇನು?"

"ನಿಮ್ಮಪ್ಪನಿಗೆ ಕೇಳಿಸಲ್ವಾ? ಕಿವಿ ಪರಮಣ್ಣ ಅಂತಾರೆ ಊರೆಲ್ಲ. ಕೈಲಾಗಿಲ್ಲ, ಒಪ್ಕೊಳ್ಳೋಕೆ ಮನಸ್ಸಿಲ್ಲ. ಹೋಯ್ತು ನೋಡಿ ಅಂತ ನನ್ನ ಕೈಲೇ ಹೂಂ ಅನ್ನಿಸ್ಕೊಂಡ್ರು. ವಯಸ್ಸಾದೋರು, ನೀನೇನೂ ಅನ್ಬೇಡ."

"ನಾನ್ ಅನ್ಬೇಡ. ನೀವ್ ಮಾತ್ರ ವಾರ ಪೂರ್ತಿ ನನ್ ತಲೆ ತಿನ್ನಿ" ಎಂದಳು.

ತಿಂದೆ. ಸುಳ್ಳು ಯಾಕೆ ಹೇಳಲಿ, ಇಡೀ ವಾರ ತಿಂದೆ. ಆ ಗುಂಯ್ ನನಗೆ ಬಿಸಿತುಪ್ಪವಾಗಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ರಾತ್ರಿ ಊಟ ಮಾಡುತ್ತ ನಿಮ್ಮಪ್ಪ ಎನ್ನುವೆ, ಬೆಳಿಗ್ಗೆ ಶೂ ಕಟ್ಟುತ್ತ ನಿಮ್ಮಪ್ಪ ಎನ್ನುವೆ. ಮನುಷ್ಯನಿಗೆ ಸೋಲು ಒಪ್ಪಿಕೊಳ್ಳುವ ಗುಣ ಇರಬೇಕು, ನಾನು ಬೋರ್ಡಿನ ಮೇಲೆ ಲೆಕ್ಕ ತಪ್ಪಿದರೆ ಮಕ್ಕಳ ಮುಂದೆಯೇ ಒಪ್ಪಿಕೊಳ್ಳುತ್ತೇನೆ ಎನ್ನುವೆ. ದೀಪಿಕಾ ಡಬ್ಬಿಗೆ ಚಪಾತಿ ತುಂಬಿ ಮುಚ್ಚಳವನ್ನು ಸ್ವಲ್ಪ ಜೋರಾಗಿಯೇ ಹಾಕುವಳು.

ಎರಡನೇ ಭಾನುವಾರ ನಾವು ಕರೆಯದೆಯೇ ಬಂದರು. ಇನ್ನೂ ನಾಲ್ಕು ಕಂಡೆನ್ಸರ್ ಬದಲಾಯಿಸಿದರು. ಒಳಗಿದ್ದ ಟ್ರಾನ್ಸ್‌ಫಾರ್ಮರನ್ನು ಕಿತ್ತು ಇನ್ನೊಂದು ಮೂಲೆಗೆ ಕೂರಿಸಿದರು. ಅಂಗೈ ಸ್ಪೀಕರಿನ ಮೇಲೆ, ಕಣ್ಣು ನನ್ನ ಮುಖದ ಮೇಲೆ. "ಹೋಯ್ತಾ ನೋಡಿ, ಅಳಿಯಂದ್ರೇ." ಅದೇ ಗುಂಯ್. "ಎಷ್ಟೋ ವಾಸಿ ಮಾವ" ಎಂದೆ. ಒಂದು ಸಲ ಸುಳ್ಳು ಹೇಳಿದ ಮೇಲೆ ಮುಂದಿನ ಸಲ ಅದಕ್ಕಿಂತ ಸ್ವಲ್ಪ ಹೆಚ್ಚೇ ಹೇಳಬೇಕಾಗುತ್ತದೆ.

ಮೂರನೇ ಭಾನುವಾರ ಅತ್ತೆಯೂ ಜೊತೆಗೆ ಬಂದರು. ಮಾವ ಒಳಗಿನ ವೈರುಗಳನ್ನೆಲ್ಲ ಹೊಸದಾಗಿ ಎಳೆದರು. ನಾನು ಹಿಂದೆ ನಿಂತು ಹಲ್ಲು ಕಚ್ಚಿಕೊಂಡು ನೋಡುತ್ತಿದ್ದೆ. ಈ ನಾಟಕ ಇವತ್ತಿಗೆ ಮುಗಿಯಲಿ, ಇನ್ನೊಂದು ಭಾನುವಾರ ಇವರು ಬಂದು ಕೂರುವುದು ಬೇಡ ಎಂದು ನನ್ನ ಆಸೆ. ಅವರು "ಹೋಯ್ತಾ ನೋಡಿ" ಎಂದದ್ದೇ ತಡ, ಮುಖದ ತುಂಬ ನಗು ತಂದುಕೊಂಡು, "ಪೂರ್ತಿ ಹೋಯ್ತು ಮಾವ. ಸೂಜಿ ಬಿದ್ದರೂ ಕೇಳಿಸುತ್ತೆ" ಎಂದುಬಿಟ್ಟೆ.

ಅವತ್ತು ಊಟಕ್ಕೆ ಕೂತಾಗ ಮಾವ ಬಹಳ ಖುಷಿಯಲ್ಲಿದ್ದರು. ಮಠದ ವಿಷಯ ಹೇಳಿದರು. ಗುಬ್ಬಿಯ ಹತ್ತಿರ ಒಂದು ಸಣ್ಣ ಮಠವಿದೆ. ಪ್ರತಿ ವರ್ಷ ಕಡೇ ಕಾರ್ತಿಕ ಸೋಮವಾರದ ವಚನ ಗಾಯನಕ್ಕೆ ಅಲ್ಲಿ ಮೂವತ್ತೆಂಟು ವರ್ಷದಿಂದ ಅವರದೇ ಮೈಕು. ಈ ಸಲ ಕಮಿಟಿಯ ಹುಡುಗರು ತುಮಕೂರಿನಿಂದ ಹೊಸ ಸೌಂಡ್ಸಿನವರನ್ನು ಕರೆಸೋಣ ಎಂದಿದ್ದರಂತೆ.

"ಮೊನ್ನೆ ಎಲ್ಲರ್ ಎದುರ್ಗೂ ಮಾತು ಕೊಟ್ಟು ಬಂದೆ ಅಳಿಯಂದ್ರೇ. ನನ್ ಸೆಟ್ಟಲ್ಲಿ ಒಂದ್ ಗುಂಯ್ ಬಂತು ಅನ್ನಿ, ಅವತ್ತೇ ಅಂಗಡಿ ಬಾಗ್ಲು ಹಾಕ್ತೀನಿ, ಆಮೇಲೆ ಮೈಕು ಮುಟ್ಟಲ್ಲ ಅಂದೆ."

ನಲವತ್ತು ವರ್ಷದ ಅಂಗಡಿಯನ್ನು ಒಂದು ಮಾತಿನ ಮೇಲೆ ಇಟ್ಟು ಬಂದಿದ್ದರು. ನನಗೆ ಒಳಗೇ ಸಿಟ್ಟು ಬಂತು. ನನ್ನ ಮನೆಯ ಮೂಲೆಯಲ್ಲಿ ಕೂತ ಗುಂಯ್ ತೆಗೆಯಲಾಗದವರು ಊರ ಮುಂದೆ ಹೋಗಿ ಪಂಥ ಕಟ್ಟುತ್ತಾರಲ್ಲ! ಅದನ್ನು ನುಂಗಿಕೊಂಡು, "ನಿಮ್ಮನ್ನು ಬಿಟ್ಟರೆ ಇನ್ಯಾರಿದ್ದಾರೆ ಮಾವ" ಎಂದೆ. ಅತ್ತೆ ತಲೆ ಬಗ್ಗಿಸಿ ಅನ್ನ ಕಲಸುತ್ತಿದ್ದರು.

ಮುಂದಿನ ಗುರುವಾರ ದೀಪಿಕಾಳ ತಾಳ್ಮೆ ಮುಗಿಯಿತು. ಅಮ್ಮನಿಗೆ ಫೋನ್ ಮಾಡಿ, "ಅದೇನೂ ಹೋಗಿಲ್ಲ ಕಣಮ್ಮ. ಇವ್ರು ದಿನಾ ಬೈಕೊಂಡು ಓಡಾಡ್ತಾರೆ. ಅಪ್ಪನ್ ಮುಂದೆ ಮಾತ್ರ ಹಲ್ಲು ಕಿರೀತಾರೆ" ಎಂದು ನಾನು ಕೂತಿರುವಾಗಲೇ ಹೇಳಿದಳು. ಬಾಯಿ ಮಾತಿಗೆ ಗದರಿದೆನೇ ಹೊರತು ಒಳಗೆ ಹಾಯೆನಿಸಿತು. ಇನ್ನು ಮುದುಕರಿಗೆ ನಾಚಿಕೆಯಾಗಿ ಬರುವುದಿಲ್ಲ ಎಂದುಕೊಂಡೆ. ಒಂದು ವೇಳೆ ಬಂದರೆ ಹೇಳಲು ಒಂದು ಮಾತನ್ನು ಶನಿವಾರ ಬಸ್ಸಿನಲ್ಲೇ ಸಿದ್ಧ ಮಾಡಿಕೊಂಡೆ. "ಮಾವ, ಇದು ನಿಮ್ಮ ಕೈಲಿ ಆಗೋದಲ್ಲ. ಬಿಟ್ಟುಬಿಡಿ, ನಾನು ಹೊಸತು ತರ್ತೀನಿ." ಮರ್ಯಾದೆಯೂ ಉಳಿಯಬೇಕು, ಮುಟ್ಟಿ ನೋಡಿಕೊಳ್ಳುವಂತೆಯೂ ಇರಬೇಕು. ಐದಾರು ಸಲ ಮನಸ್ಸಿನಲ್ಲೇ ಹೇಳಿ ನೋಡಿದೆ.

ಅವರು ಬಂದರು. ಬೆಳಗಾದರೆ ಕಡೇ ಕಾರ್ತಿಕ ಸೋಮವಾರ, ಇವರು ಹಾರನ್ ಕಟ್ಟಿಸುವುದು ಬಿಟ್ಟು ನಮ್ಮ ಮನೆಗೆ ಬಂದರು. ಮುಖ ಇಳಿದಿತ್ತು, ಕಾಫಿಯೂ ಬೇಡವೆಂದರು. ನೇರ ಹೋಗಿ ಪೆಟ್ಟಿಗೆಯ ಮುಂದೆ ಕೂತು ಮುಚ್ಚಳ ಬಿಚ್ಚಿದರು. ದೀಪಿಕಾ ಬೆಳಿಗ್ಗೆ ಮನೆ ಒರೆಸಲೆಂದು ಸ್ಪೀಕರುಗಳೆರಡನ್ನೂ ಬೀರುವಿನ ಮೇಲೆ ಎತ್ತಿಟ್ಟಿದ್ದಳು. ಅವರ ಕೈ ಅಭ್ಯಾಸದ ಮೇಲೆ ಪಕ್ಕಕ್ಕೆ ಚಾಚಿತು, ಏನೂ ಸಿಗದೆ ಹಿಂದಕ್ಕೆ ಬಂತು. ನಾನು ನನ್ನ ಮಾತನ್ನು ನಾಲಿಗೆಯ ತುದಿಗೆ ತಂದುಕೊಂಡು ಎದುರಿಗೆ ನಿಂತೆ.

"ಮೊದ್ಲು ಜೀವ ಇದೆಯಾ ನೋಡ್ತೀನಿ, ತಾಳಿ" ಎಂದರು.

ಮೈಕ್‌ಸೆಟ್ಟಿನವರೆಲ್ಲ ಆಂಪ್ಲಿಯ ಜೀವ ನೋಡುವುದು ಒಂದೇ ರೀತಿ. ಮೈಕಿನ ವೈರು ಸಿಕ್ಕಿಸುವ ತೂತಿನೊಳಗಿನ ಪಿನ್ನಿಗೆ ಬೆರಳಿಡುತ್ತಾರೆ. ಆಂಪ್ಲಿ ಬದುಕಿದ್ದರೆ ಮೈಯಲ್ಲಿರುವ ಕರೆಂಟಿನ ನೆರಳನ್ನೇ ಹಿಡಿದು ಸ್ಪೀಕರ್ ಗುಂಯ್ ಎನ್ನುತ್ತದೆ. ಸುಮ್ಮನಿದ್ದರೆ ಸತ್ತಿದೆ ಎಂದು ಅರ್ಥ. ಮಾವ ಸ್ವಿಚ್ ಹಾಕಿ, ವಾಲ್ಯೂಮ್ ಏರಿಸಿ, ತೋರುಬೆರಳನ್ನು ಪಿನ್ನಿಗೆ ಒತ್ತಿದರು.

ಬೀರುವಿನ ಮೇಲಿಂದ ಗುಂಯ್ ಎಂದು ಬಂತು. ನಮ್ಮ ಹಳೆಯ ಗುಂಯ್ ಅದರ ಮುಂದೆ ಏನೂ ಅಲ್ಲ. ಅಡುಗೆಮನೆಯಿಂದ ದೀಪಿಕಾ, "ಏನ್ರೀ ಅದು" ಎಂದು ಕೂಗಿದಳು.

ಮಾವ ಬೆರಳು ತೆಗೆದು ನೋಡಿಕೊಂಡರು. ಅಂಗಿಗೆ ಒರೆಸಿ ಮತ್ತೆ ಒತ್ತಿದರು. ಮತ್ತೆ ಗುಂಯ್. ಅವರು ತಲೆ ಆಡಿಸಿದರು.

"ಸತ್ತೇ ಹೋಗಿದೆಯಲ್ಲ ಅಳಿಯಂದ್ರೇ. ಚೂರೂ ಶಬ್ದ ಇಲ್ಲ."

ಹಾಗೆಂದು ನನ್ನ ಮುಖ ನೋಡಿದರು. ಅದು ಹೇಗಿತ್ತೋ ನನಗೆ ಗೊತ್ತಿಲ್ಲ, ಒಬ್ಬಟ್ಟಿನ ಮುಖವಂತೂ ಆಗಿರಲಿಲ್ಲ. ಬೆರಳನ್ನು ಪಿನ್ನಿನ ಮೇಲಿಟ್ಟುಕೊಂಡೇ ಅವರು ನನ್ನನ್ನು ನೋಡುತ್ತ ಕೂತರು. ಶಬ್ದ ಬರುತ್ತಲೇ ಇತ್ತು. ಆಮೇಲೆ ಮೆಲ್ಲಗೆ ಬೆರಳು ತೆಗೆದರು.

"ಬಂತಾ?" ಎಂದರು.

ನಾನು ಹೌದೆಂದು ತಲೆ ಆಡಿಸಿದೆ.

"ಜೋರಾಗಿ ಬಂತಾ?"

ಮತ್ತೆ ತಲೆ ಆಡಿಸಿದೆ. ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದ ಮಾತು ಎಲ್ಲಿ ಹೋಯಿತೋ, ಅವರ ಎದುರಿಗೆ ಚಾಪೆಯ ಮೇಲೆ ಕೂತುಬಿಟ್ಟೆ.

"ಎಡಗಡೆದು ಹೋಗಿ ಎರಡ್ ವರ್ಷ ಆಯ್ತು" ಎಂದರು ಮಾವ. "ಬಲಗಡೆದು ಈ ಯುಗಾದಿಯಿಂದ ಹೋಗ್ತಾ ಹೋಗ್ತಾ ಇದೆ. ಜೋರಿನ್ ಶಬ್ದನಾದ್ರೂ ಕೇಳ್ಸುತ್ತೆ ಅಂದ್ಕೊಂಡಿದ್ದೆ. ಎದುರ್ಗೆ ನಿಂತು ಮಾತಾಡಿದ್ರೆ ತುಟಿ ನೋಡಿ ಸಂಭಾಳಿಸ್ತೀನಿ. ನಲವತ್ ವರ್ಷ ಹಾರನ್ ಬಾಯಿ ಹತ್ರಾನೇ ನಿಂತಿದ್ದೆನಲ್ಲ. ನಿಮ್ಮತ್ತೆಗೆ ಒಬ್ಳಿಗೇ ಗೊತ್ತು. ದೀಪಂಗೆ ಹೇಳ್ಬೇಡಿ."

ನನಗೆ ಕನಿಕರಕ್ಕಿಂತ ಮೊದಲು ಬಂದದ್ದು ಸಿಟ್ಟೇ. ನಾನು ಅಂಥವನೇ. "ಮತ್ತೆ ವಾರಾ ವಾರಾ ಹೋಯ್ತು ಹೋಯ್ತು ಅಂತ ಹೇಗೆ ಹೇಳ್ತಿದ್ರಿ ಮಾವ?" ಎಂದೆ.

"ನಾನೆಲ್ಲಿ ಹೋಯ್ತು ಅಂದೆ?" ಮಾವನ ದನಿಯೂ ಏರಿತು. "ಹೋಯ್ತಾ ನೋಡಿ ಅಂದೆ. ನಿಮ್ಮನ್ನ ಕೇಳ್ದೆ. ನನಗೆ ಕೇಳ್ಸಲ್ಲ ಅಂತ ತಾನೇ ನಿಮ್ಮನ್ನ ಕೇಳಿದ್ದು? ಕೈಗೆ ಸಿಗೋವಷ್ಟು ಜೋರಿನ ಶಬ್ದ ಅಲ್ಲ ಇದು. ಅದಕ್ಕೇ ನಿಮ್ ಮುಖ ನೋಡ್ಕೊಂಡು ಕೆಲಸ ಮಾಡ್ದೆ. ಮೊದಲ್ನೇ ವಾರ ವಾಸಿ ಅಂದ್ರಿ. ಎರಡ್ನೇ ವಾರ ಎಷ್ಟೋ ವಾಸಿ ಅಂದ್ರಿ. ಕಿವಿ ಹೋದ್ರೂ ಕೈ ಹೋಗಿಲ್ಲ ಅಂದ್ಕೊಂಡೆ. ಕಿವಿ ಇಲ್ದೆ ಗುಂಯ್ ತೆಗೀತೀನಿ ಅಂತಾದ್ರೆ ಮಠಕ್ಕೇನು, ಎಲ್ಲಿಗ್ ಬೇಕಾದ್ರೂ ಹೋಗ್ಬಹುದು ಅಂತ ಅದೇ ಧೈರ್ಯದ್ ಮೇಲೆ ಹೋಗಿ ಮಾತು ಕೊಟ್ಟೆ."

ಹನ್ನೆರಡು ವರ್ಷದ ನನ್ನ ನಯವನ್ನೆಲ್ಲ ಒಟ್ಟುಗೂಡಿಸಿ ಈ ಮನುಷ್ಯನನ್ನು ಮಠದ ವೇದಿಕೆಗೆ ತಳ್ಳಿ ಬಂದಿದ್ದೆ. ಮೂರು ವಾರದಿಂದ ಸುಳ್ಳುಗಾರ ಎಂದು ಅವರನ್ನು ಬೈದದ್ದು, ಒಪ್ಪಿಕೊಳ್ಳುವ ಗುಣ ಬೇಕು ಎಂದು ದೀಪಿಕಾಳಿಗೆ ಪಾಠ ಹೇಳಿದ್ದು ಎಲ್ಲ ನೆನಪಾಯಿತು.

"ತಪ್ಪಾಯ್ತು ಮಾವ" ಎಂದೆ.

"ತಪ್ಪು ಆಮೇಲೆ. ಈಗ ಆ ಹಳೇ ಗುಂಯ್ ಎಂಥಾ ಶಬ್ದ ಅಂತ ಹೇಳಿ."

ಗುಂಯ್ ಎಂದು ಬಾಯಲ್ಲಿ ಮಾಡಿ ತೋರಿಸಿದೆ. ಅವರು ಸುಮ್ಮನೆ ನೋಡಿದರು. ಆಗ ನನಗೆ ಹೊಳೆಯಿತು, ಇವರಿಗೆ ಇದೂ ಕೇಳಿಸುವುದಿಲ್ಲ. ಮಾವ ಮುಂದಕ್ಕೆ ಸರಿದು ಅಂಗೈಯನ್ನು ನನ್ನ ಎದೆಯ ಮೇಲೆ ಅಗಲವಾಗಿ ಇಟ್ಟರು. ಮದುವೆಯಾದಾಗಿನಿಂದ ನಾವಿಬ್ಬರೂ ಕೈ ಮುಗಿದುಕೊಂಡವರೇ ಹೊರತು ಮುಟ್ಟಿದವರಲ್ಲ.

"ಈಗ್ ಮಾಡಿ. ಸ್ಪೀಕರಿಂದ ಬರೋದಕ್ಕೂ ನಿಮ್ದಕ್ಕೂ ಸಮ ಕೂರ್ಬೇಕು, ಶ್ರುತಿ ಸೇರ್ಸಿದ್ ಹಂಗೆ."

ನಾನು ಕಣ್ಣು ಮುಚ್ಚಿಕೊಂಡು ಗುಂ ಎಂದು ಎಳೆದೆ. ಸ್ಪೀಕರಿನದು ಇನ್ನೂ ಕೆಳಗಿತ್ತು. ಇಳಿಸಿದೆ, ಅದು ಇನ್ನೂ ಕೆಳಗೆ. ಮತ್ತೂ ಇಳಿಸಲು ಹೋಗಿ ಗಂಟಲು ಗೊರಗೊರ ಎಂದು ಕೆಮ್ಮು ಬಂತು.

"ಸಿಗ್ತಿಲ್ಲ ಮಾವ. ನನ್ನ ಗಂಟಲಿಗಿಂತ ಕೆಳಗಿದೆ."

"ನಿಜವಾಗ್ಲೂ ಸಿಗ್ತಿಲ್ವಾ? ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ಇಲ್ಲ ಮಾವ. ಸಿಗ್ತಿಲ್ಲ."

ಅವರು ಕೈ ತೆಗೆದರು. ಮುಖಕ್ಕೆ ಸ್ವಲ್ಪ ಬಣ್ಣ ಬಂದಿತ್ತು. "ಕಂಡೆನ್ಸರ್ ಹೋದ್ರೆ ಬರೋದು ನೂರರ ಶಬ್ದ, ಸೆಕೆಂಡಿಗೆ ನೂರ್ ಸಲ ಅದುರೋದು. ಅದು ಗಂಡಸಿನ್ ಗಂಟ್ಲಿಗೆ ಸಿಗ್ತದೆ. ಅದಕ್ಕೂ ಕೆಳಗೆ ಅಂದ್ರೆ ಐವತ್ತರದು, ಬರೀ ಕರೆಂಟಿಂದು. ಅದು ನನ್ ಆಂಪ್ಲೀದಲ್ಲ, ಹೊರಗಿಂದ ಬರ್ತಿರೋದು. ವಾಲ್ಯೂಮ್ ಇಳಿಸಿದ್ರೆ ಇಳೀತದಾ?"

"ಇಳಿಯುತ್ತೆ."

"ಈ ಎರಡ್ ಮಾತು ಮೊದಲ್ನೇ ಭಾನ್ವಾರ ಹೇಳಿದ್ರೆ ನಾನು ಇದನ್ನ ಹೊಟ್ಟೆ ಸೀಳ್ತಾನೇ ಇರ್ಲಿಲ್ಲವಲ್ಲ ಅಳಿಯಂದ್ರೇ" ಎಂದು ಹಣೆಗೆ ಕೈ ಹಚ್ಚಿದರು. ಸಿಡುಕುವ ಸರದಿ ಈಗ ಅವರದು. "ದಸರಾದಲ್ಲಿ ಶುರುವಾಯ್ತು ಅಂದ್ರಿ. ದಸರಾದಲ್ಲಿ ಇದಕ್ಕೆ ಏನ್ ತಂದು ಸೇರ್ಸಿದ್ರಿ?"

ದಸರಾದಲ್ಲಿ ನೆಂಟರೆಲ್ಲ ಟಿ.ವಿ.ಯಲ್ಲಿ ಜಂಬೂಸವಾರಿ ನೋಡಬೇಕು, ಶಬ್ದ ದೊಡ್ಡದಾಗಿ ಬರಬೇಕು ಎಂದಿದ್ದರು. ಕೇಬಲ್ ಟಿ.ವಿ.ಯ ಡಬ್ಬಿಯಿಂದ ಆಂಪ್ಲಿಯ ಎರಡನೇ ತೂತಿಗೆ ಒಂದು ವೈರು ತಂದು ಸಿಕ್ಕಿಸಿದವನು ನಾನೇ. ತೆಗೆದಿರಲಿಲ್ಲ.

"ಆದರೆ ಟಿ.ವಿ. ಆಫ್ ಇರುತ್ತೆ ಮಾವ. ನಾನು ನೋಡಿದೀನಿ."

"ಟಿ.ವಿ. ಆಫ್ ಇದ್ರೆ ಕೇಬಲ್ ವೈರ್ ಎಲ್ಲಿಗ್ ಹೋಗ್ತದೆ? ಅದು ಕಂಬದಿಂದ ಕಂಬಕ್ಕೆ ಊರೆಲ್ಲ ಸುತ್ಕೊಂಡು ಬಂದಿರೋದು. ಅದರ ಅರ್ಥಿಂಗೇ ಬೇರೆ, ನಿಮ್ಮನೆ ಅರ್ಥಿಂಗೇ ಬೇರೆ. ಎರಡೂ ಬಂದು ನನ್ ಪೆಟ್ಗೇಲಿ ಕಿತ್ತಾಡ್ತಾವೆ. ಎಳೀರಿ ಅದನ್ನ."

ಎಳೆದೆ. ಪಕ್ ಎಂದು ಪಿನ್ನು ಈಚೆಗೆ ಬಂತು.

ಗುಂಯ್ ನಿಂತಿತು. ಒಂದೂವರೆ ತಿಂಗಳ ಮೇಲೆ ನಮ್ಮ ಹಾಲಿನಲ್ಲಿ ಶಬ್ದವಿಲ್ಲದ ಶಬ್ದ ಕೇಳಿಸಿತು. ಅಡುಗೆಮನೆಯಲ್ಲಿ ಸಾಸಿವೆ ಸಿಡಿದದ್ದು ಕೇಳಿಸಿತು, ಹೊರಗೆ ಯಾರೋ ಗೇಟಿನ ಚಿಲಕ ಹಾಕಿದ್ದು ಕೇಳಿಸಿತು. ಖುಷಿಗೆ ನನ್ನ ಮುಖವೆಲ್ಲ ಅರಳಿರಬೇಕು.

"ಹೋಯ್ತು ಮಾವ" ಎಂದೆ. "ಪೂರ್ತಿ ಹೋಯ್ತು."

ಮಾವ ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಹಣೆ, ಕಣ್ಣು, ಬಾಯಿ ಎಲ್ಲವನ್ನೂ ಒಂದೊಂದಾಗಿ ನೋಡಿದರು.

"ಮೂರ್ನೇ ವಾರಾನೂ ಹಿಂಗೇ ಅಂದ್ರಿ" ಎಂದರು. "ಇದೇ ನಗು."

"ಇಲ್ಲ ಮಾವ, ಇವತ್ತು ನಿಜವಾಗಿ ಹೋಗಿದೆ. ಶಿವನಾಣೆ."

"ಆಣೆ ಎಲ್ಲ ಬೇಡ."

ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟರು. ನಾನು ಇನ್ನೇನು ಹೇಳಿದರೂ ಅದು ಅದೇ ಬಾಯಿಂದ ಬರಬೇಕಿತ್ತು. ಕೊನೆಗೆ ಅವರು ಅಡುಗೆಮನೆಯ ಕಡೆ ತಿರುಗಿ ಕೂಗಿದರು.

"ದೀಪಾ. ಬಾರಮ್ಮ ಇಲ್ಲಿ."

ದೀಪಿಕಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

"ನನ್ ಕಿವಿ ಹೋಗಿದೆ ಕಣಮ್ಮ. ಕೇಳ್ಸಲ್ಲ" ಎಂದರು ಮಾವ. ಎರಡು ವರ್ಷ ಬಚ್ಚಿಟ್ಟ ಮಾತನ್ನು, ಐದು ನಿಮಿಷದ ಹಿಂದೆ ಹೇಳಬೇಡಿ ಎಂದ ಮಾತನ್ನು, ನನ್ನ ಒಂದು ಹೂಂ ನಂಬಲಾಗದೆ ತಾವೇ ಹೇಳಿಬಿಟ್ಟರು. "ಗುಂಯ್ ಇದೆಯಾ, ಹೋಯ್ತಾ? ನೀನ್ ನೋಡ್ ಹೇಳು."

ದೀಪಿಕಾ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. ಅವಳ ಕಣ್ಣು ತುಂಬಿತು. ಆದರೂ ಬೀರುವಿನ ಹತ್ತಿರ ಹೋಗಿ, ತುದಿಗಾಲಲ್ಲಿ ನಿಂತು, ಸ್ಪೀಕರಿಗೆ ಕಿವಿ ಕೊಟ್ಟು ಕೇಳಿದಳು. ತಿರುಗಿ ಬಂದು ಅಪ್ಪನ ಎದುರಿಗೆ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು.

"ಒಂಚೂರು ಸುಯ್ ಅಂತಿದೆ ಅಪ್ಪ. ಗುಂಯ್ ಇಲ್ಲ."

"ಸುಯ್ ಇರ್ತದೆ" ಎಂದರು ಮಾವ. ಅವರ ಹೆಗಲು ಸಡಿಲವಾಯಿತು. "ಅದು ಇರ್ಬೇಕು. ಅದು ಆಂಪ್ಲೀ ಉಸಿರು."

ಆ ಸುಯ್ ನನಗೂ ಕೇಳಿಸಿತ್ತು, ಹೇಳಿರಲಿಲ್ಲ. ಮಾವ ಒಂದೊಂದೇ ಸ್ಕ್ರೂ ಹಾಕಿ ಮುಚ್ಚಳ ಬಿಗಿದರು. ಚೀಲಕ್ಕೆ ಸಾಮಾನು ತುಂಬಿ, ಎದ್ದು ನಿಲ್ಲದೆ, ಮಗಳ ಕಡೆ ನೋಡಿದರು.

"ನಾಳೆ ಸಾಯಂಕಾಲ ಬ್ಯಾಂಕಿಂದ ಬೇಗ ಬರಕ್ಕಾಗ್ತದೇನಮ್ಮ? ಮಠದಲ್ಲಿ ನನ್ ಪಕ್ಕ ಕೂತ್ಕೋಬೇಕು. ಗುಂಯ್ ಅಂದ್ರೆ ಅಂತು ಅನ್ಬೇಕು, ಇಲ್ಲ ಅಂದ್ರೆ ಇಲ್ಲ ಅನ್ಬೇಕು. ಅಷ್ಟೇ ಕೆಲಸ."

"ಬರ್ತೀನಿ ಅಪ್ಪ" ಎಂದಳು.

"ನಾನೂ ಬರ್ತೀನಿ ಮಾವ" ಎಂದೆ. "ರಜಾ ಹಾಕ್ತೀನಿ. ನಾನು ಕೂತ್ಕೋತೀನಿ ಪಕ್ಕದಲ್ಲಿ. ಇದ್ದದ್ದು ಇದ್ದ ಹಾಗೆ ಹೇಳ್ತೀನಿ."

ನನ್ನ ತುಟಿಯನ್ನು ಕೊನೆಯವರೆಗೂ ಓದಿ, ಮಾವ ಕೈ ಮುಗಿದರು.

"ನೀವ್ ಬೇಡ ಅಳಿಯಂದ್ರೇ. ನೀವು ಮರ್ಯಾದಸ್ಥರು."

ಅವರ ಮುಖದಲ್ಲಿ ಕೋಪವಾಗಲಿ ಕುಹಕವಾಗಲಿ ಇರಲಿಲ್ಲ. ಹೊಗಳಿಯೇ ಹೇಳಿದ್ದರು.